ಪ್ರೋಟೀನುಗಳ ನಂಟು

ಜೀವಕೋಶದಲ್ಲಿ ಎಷ್ಟು ಬಗೆಯ ಪ್ರೋಟೀನುಗಳಿವೆ ಎಂಬ ಪ್ರಶ್ನೆಗೆ ಇಂದು ತಕ್ಕಮಟ್ಟಿಗೆ ಉತ್ತರ ದೊರೆತಿದೆ. ಹಿಟ್ಟನ್ನು ಹುದುಗೆಬ್ಬಿಸುವ ಯೀಸ್ಟಿನಲ್ಲಿ ಸುಮಾರು 6,000 ಜೀನುಗಳಿವೆ. ಮನುಷ್ಯನಲ್ಲಿ ಪ್ರೋಟೀನುಗಳನ್ನು ರೂಪಿಸುವ ಜೀನುಗಳು ಸುಮಾರು 20,000. ಆದರೆ ಜನಗಣತಿಯ ಪಟ್ಟಿಯನ್ನು ಓದಿದ ಮಾತ್ರಕ್ಕೆ ಊರು ಅರ್ಥವಾಗುವುದಿಲ್ಲ. ಯಾರ ಗದ್ದೆಗೆ ಯಾರು ಮುಯ್ಯಾಳಾಗಿ ಹೋಗುತ್ತಾರೆ, ಯಾವ ಮನೆಗೂ ಯಾವ ಮನೆಗೂ ಬೀಗತನವಿದೆ, ಯಾರಿಗೂ ಯಾರಿಗೂ ಮಾತಿಲ್ಲ ಎಂಬುದನ್ನು ಅರಿತಾಗಲೇ ಊರನ್ನು ಅರಿತಂತೆ. ಜೀವಕೋಶದ ಸಂಗತಿಯೂ ಹಾಗೆಯೇ. ಅಲ್ಲಿ ಬಹುಪಾಲು ಪ್ರೋಟೀನುಗಳು ಒಂದನ್ನೊಂದು ಹಿಡಿದು, ಬಿಟ್ಟು, ಮತ್ತೆ ಹಿಡಿದು ಕೆಲಸ ನಡೆಸುತ್ತವೆ. ಈ ನಂಟುಗಳ ಬಲೆ ವಿಕಾಸದ ದೀರ್ಘ ಹಾದಿಯಲ್ಲಿ ಹೇಗೆ ಬದಲಾಗುತ್ತ ಬಂದಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ನಂಟು ಎಂದರೇನು? ಪ್ರೋಟೀನು ಎಂಬುದು 20 ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಈ ಸರವು ಮಡಿಚಿಕೊಂಡು ಒಂದು ಖಚಿತವಾದ ಆಕಾರವನ್ನು ತಾಳುತ್ತದೆ. ಅದರ ಮೈಮೇಲೆ ಉಬ್ಬುತಗ್ಗುಗಳಿರುತ್ತವೆ; ನೀರನ್ನು ಬಯಸುವ ತಾಣಗಳೂ ನೀರಿಗೆ ಒಲ್ಲದ ತಾಣಗಳೂ ಇರುತ್ತವೆ. ಒಂದರ ಉಬ್ಬು ಮತ್ತೊಂದರ ತಗ್ಗಿಗೆ ಹೊಂದಿಕೊಂಡರೆ ಎರಡೂ ಅಂಟಿಕೊಳ್ಳುತ್ತವೆ. ಅಂದಮೇಲೆ, ಸರದ ಒಂದೇ ಮಣಿ ಬದಲಾದರೂ ಹಳೆಯ ನಂಟು ಕಡಿಯಬಹುದು, ಇಲ್ಲದ ನಂಟು ಬೆಳೆಯಬಹುದು.

ಇಂದಿನ ನಂಟುಗಳನ್ನು ಪ್ರಯೋಗಶಾಲೆಯಲ್ಲಿ ಗುರುತಿಸಬಹುದು. ಅದಕ್ಕೆ ಯೀಸ್ಟನ್ನೇ ಸಾಧನವಾಗಿಸಿಕೊಂಡ ಒಂದು ಜಾಣ ವಿಧಾನ 1989ರಲ್ಲಿ ಪ್ರಕಟವಾಯಿತು. ಆದರೆ ಕೋಟ್ಯಂತರ ವರ್ಷಗಳ ಹಿಂದಿನ ನಂಟನ್ನು ಕಾಣುವ ಬಗೆ ಯಾವುದು? ಇಲ್ಲಿ ವಿಜ್ಞಾನಿಗಳು ಮಾಡುವುದು ನಮ್ಮ ಗ್ರಂಥಸಂಪಾದಕರು ಮಾಡುವ ಕೆಲಸವನ್ನೇ. ಓಲೆಗರಿಯ ಹಲವು ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ತೂಗಿನೋಡಿ, ಕಳೆದುಹೋದ ಮೂಲಪಾಠವನ್ನು ಊಹಿಸುವಂತೆ, ಇಂದಿನ ಹಲವು ಜೀವಿಗಳ ಪ್ರೋಟೀನುಗಳನ್ನು ಹೋಲಿಸಿ ಅವುಗಳ ಪೂರ್ವಜ ಹೇಗಿದ್ದಿರಬೇಕೆಂದು ನಿರ್ಣಯಿಸುತ್ತಾರೆ. ಲೈನಸ್ ಪೌಲಿಂಗ್ ಮತ್ತು ಎಮಿಲ್ ಝುಕರ್‌ಕಾಂಡ್ಲ್ 1963ರಲ್ಲಿಯೇ ಈ ಸಾಧ್ಯತೆಯನ್ನು ಸೂಚಿಸಿದ್ದರು. ಇಂದು ಹಾಗೆ ನಿರ್ಣಯಿಸಿದ ಪ್ರೋಟೀನನ್ನು ತಯಾರಿಸಿ, ಅದು ಯಾರೊಡನೆ ಕೈ ಹಿಡಿಯುತ್ತದೆಂದು ಪರೀಕ್ಷಿಸಲೂ ಬರುತ್ತದೆ.

ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮೋಗ್ಲೋಬಿನ್ನನ್ನೇ ನೋಡೋಣ. ಅದರಲ್ಲಿ ನಾಲ್ಕು ಸರಗಳು ಕೂಡಿಕೊಂಡಿವೆ: ಎರಡು ಆಲ್ಫಾ, ಎರಡು ಬೀಟಾ. ಈ ಕೂಟದಿಂದಲೇ ಅದು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು, ಬೇಕಾದ ಅಂಗದಲ್ಲಿ ಬಿಟ್ಟುಕೊಡಬಲ್ಲುದು. ಇಷ್ಟು ಅಚ್ಚುಕಟ್ಟಾದ ಕೂಟ ಸಿದ್ಧವಾಗಲು ಅಸಂಖ್ಯ ಬದಲಾವಣೆಗಳು ಬೇಕಾಗಿದ್ದಿರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಜೋಸೆಫ್ ಥಾರ್ನ್‌ಟನ್ ಅವರ ತಂಡ ಪೂರ್ವಜ ಪ್ರೋಟೀನುಗಳನ್ನು ಮರುಸೃಷ್ಟಿಸಿ 2020ರಲ್ಲಿ ತೋರಿಸಿದ್ದು ಬೇರೆಯೇ. ಮೊದಲು ಎರಡೆರಡಾಗಿ ಮಾತ್ರ ಕೂಡುತ್ತಿದ್ದ ಸರಗಳು ನಾಲ್ಕಾಗಿ ಕೂಡಲು ಎರಡೇ ಮಣಿಗಳ ಬದಲಾವಣೆ ಸಾಕಾಗಿತ್ತು.

ನಂಟು ಬೆಳೆದ ಕಥೆ ಇದು. ನಂಟು ಕಡಿದದ್ದರಿಂದಲೇ ಸಂಕೀರ್ಣತೆ ಹೆಚ್ಚಿದ ಕಥೆಯೂ ಒಂದುಂಟು. ಜೀವಕೋಶದೊಳಗಿನ ಪುಟ್ಟ ಚೀಲಗಳಿಗೆ ಆಮ್ಲತೆಯನ್ನು ತುಂಬುವ ಒಂದು ಪಂಪು ಇದೆ. ಅದರ ಭಾಗವಾಗಿ ಪ್ರೋಟೀನುಗಳ ಉಂಗುರವೊಂದು ತಿರುಗುತ್ತಿರುತ್ತದೆ. ಪ್ರಾಣಿಗಳಲ್ಲಿ ಈ ಉಂಗುರಕ್ಕೆ ಎರಡು ಬಗೆಯ ಪ್ರೋಟೀನುಗಳು ಸಾಕು. ಯೀಸ್ಟನ್ನೂ ಒಳಗೊಂಡ ಶಿಲೀಂಧ್ರಗಳಲ್ಲಿ ಮೂರು ಬಗೆ ಬೇಕು. ಒಂದು ತಪ್ಪಿದರೂ ಪಂಪು ನಿಲ್ಲುತ್ತದೆ. ಮೂರನೆಯದು ಬಂದದ್ದೆಲ್ಲಿಂದ? ಒಂದು ಜೀನಿನ ನಕಲು ಆಕಸ್ಮಿಕವಾಗಿ ಎರಡಾದುದರಿಂದ. ಹೊಸ ಪ್ರೋಟೀನು ಯಾವುದೋ ಹೊಸ ಕೌಶಲವನ್ನು ತಂದಿರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಪೂರ್ವಜ ಪ್ರೋಟೀನನ್ನು ಮರುಸೃಷ್ಟಿಸಿ, ಎರಡು ವಂಶಜಗಳೂ ಇಲ್ಲದ ಯೀಸ್ಟಿನೊಳಗೆ ಇರಿಸಿದಾಗ, ಪಂಪು ಮತ್ತೆ ನಡೆಯಿತು. ಅಂದರೆ ಇಂದು ಇಬ್ಬರು ಮಾಡುವ ಕೆಲಸವನ್ನು ಅಂದು ಒಬ್ಬನೇ ಮಾಡುತ್ತಿದ್ದ. 2012ರಲ್ಲಿ ಪ್ರಕಟವಾದ ಈ ಸಂಶೋಧನೆಯ ಅರ್ಥ ಗಹನವಾದದ್ದು.

ಒಬ್ಬ ರೈತ ಉಳಲೂ ಬಲ್ಲ, ಬಿತ್ತಲೂ ಬಲ್ಲ. ಅವನಿಗೆ ಇಬ್ಬರು ಮಕ್ಕಳು. ಅಣ್ಣನಿರುವನೆಂದು ತಮ್ಮ ಉಳುವುದನ್ನು ಮರೆತ. ತಮ್ಮನಿರುವನೆಂದು ಅಣ್ಣ ಬಿತ್ತುವುದನ್ನು ಮರೆತ. ಬೆಳೆ ಮೊದಲಿನಷ್ಟೇ, ಆದರೆ ಇನ್ನು ಮುಂದೆ ಒಬ್ಬನನ್ನು ಬಿಟ್ಟು ಒಬ್ಬ ಬದುಕಲಾರ. ಉಂಗುರದಲ್ಲಿ ನಡೆದದ್ದೂ ಇದೇ. ಪೂರ್ವಜನಿಗೆ ಉಂಗುರದ ಎಲ್ಲ ನೆರೆಯವರೊಡನೆಯೂ ಕೈ ಹಿಡಿಯುವ ಶಕ್ತಿಯಿತ್ತು. ವಂಶಜರಲ್ಲಿ ಒಬ್ಬೊಬ್ಬನೂ ಒಂದೊಂದು ಹಿಡಿತವನ್ನು ಕಳೆದುಕೊಂಡ. ಅದಕ್ಕೆ ಬೇಕಾದದ್ದು ಬೆರಳೆಣಿಕೆಯ ಬದಲಾವಣೆಗಳು. ಯಂತ್ರ ಜಟಿಲವಾಯಿತು; ಉತ್ತಮವಾಯಿತೆಂದು ಹೇಳಲು ಆಧಾರವಿಲ್ಲ. ಜಟಿಲವಾದುದೆಲ್ಲ ಮುನ್ನಡೆ ಎಂಬ ನಮ್ಮ ನಂಬಿಕೆಯನ್ನು ಇದು ಮರುವಿಚಾರಕ್ಕೆ ಒಡ್ಡುತ್ತದೆ.

ಇದೆಲ್ಲ ಪ್ರಯೋಗಶಾಲೆಯ ಮಾತಾಯಿತು, ನಮಗೇನು ಎಂದು ಶ್ರೋತೃಗಳು ಕೇಳಬಹುದು. ಉತ್ತರ ಮತ್ತೆ ಹೀಮೋಗ್ಲೋಬಿನ್ನಿನಲ್ಲಿಯೇ ಇದೆ. ಬೀಟಾ ಸರದಲ್ಲಿ 146 ಮಣಿಗಳು. ಆರನೆಯದು ನೀರನ್ನು ಬಯಸುವ ಗ್ಲುಟಾಮಿಕ್ ಆಮ್ಲ. ಕೆಲವರಲ್ಲಿ ಅದರ ಬದಲು ನೀರಿಗೆ ಒಲ್ಲದ ವ್ಯಾಲೀನ್ ಇದೆ. ರೋಗದ ಮೂಲ ಇಂಥದೊಂದೇ ಬದಲಾವಣೆ ಎಂಬುದನ್ನು ವರ್ನನ್ ಇನ್‌ಗ್ರಾಮ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಆಮ್ಲಜನಕವನ್ನು ಬಿಟ್ಟುಕೊಟ್ಟ ಹೀಮೋಗ್ಲೋಬಿನ್ನಿನ ಮೇಲೆ ಆ ವ್ಯಾಲೀನಿಗೆ ಸರಿಹೊಂದುವ ಗುಳಿಯೊಂದು ತೆರೆದಿರುತ್ತದೆ. ಒಂದರ ವ್ಯಾಲೀನ್ ಇನ್ನೊಂದರ ಗುಳಿಯಲ್ಲಿ ಕೂರುತ್ತದೆ. ಅದಕ್ಕೆ ಮತ್ತೊಂದು, ಮಗುದೊಂದು. ಹೀಗೆ ಬೆಳೆದ ಎಳೆಗಳು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. ಬಾಗಿದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡಾಗ ಉಂಟಾಗುವ ನೋವು ದಾರುಣವಾದದ್ದು. ಬೇಡದ ನಂಟೊಂದು ಬೆಳೆದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಬೇಕಿಲ್ಲ.

ಹಾಗಿದ್ದರೂ ಈ ಜೀನು ಉಳಿದುಬಂದದ್ದೇಕೆ? ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಅದನ್ನು ಪಡೆದವರಿಗೆ ಮಲೇರಿಯದ ಉಗ್ರ ರೂಪದಿಂದ ರಕ್ಷಣೆ ದೊರೆಯುತ್ತದೆಂದು 1954ರಲ್ಲಿ ಆಂಥೊನಿ ಆಲಿಸನ್ ತೋರಿಸಿದರು. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಕರ್ನಾಟಕದ ದಕ್ಷಿಣದ ಕಾಡಂಚಿನ ಹಾಡಿಗಳಲ್ಲಿಯೂ ಈ ಕಾಯಿಲೆ ಇದೆ. ಜ್ವರದಿಂದ ಒಬ್ಬ ಮಗನನ್ನು ಉಳಿಸಿದ ಬದಲಾವಣೆಯೇ, ತಂದೆ ತಾಯಿ ಇಬ್ಬರಿಂದಲೂ ಬಂದಾಗ, ಅವನ ಒಡಹುಟ್ಟಿದವಳ ಬಾಳನ್ನು ನೋವಾಗಿಸಬಲ್ಲುದು.

ಆದರೆ ಪರಿಹಾರದ ಸುಳಿವೂ ಅದೇ ವಂಶದೊಳಗಿದೆ. ಹಿಂದೊಮ್ಮೆ ಜೀನು ಇಮ್ಮಡಿಸಿದಾಗ ಬೀಟಾ ಸರಕ್ಕೆ ಗಾಮಾ ಎಂಬ ಸೋದರ ಸರವೊಂದು ಹುಟ್ಟಿಕೊಂಡಿತ್ತು. ನಾವು ತಾಯಿಯ ಗರ್ಭದಲ್ಲಿದ್ದಾಗ ಆ ಸರವೇ ದುಡಿಯುತ್ತದೆ. ಹುಟ್ಟಿದ ಮೇಲೆ ಕ್ರಮೇಣ ಹಿಂದೆ ಸರಿಯುತ್ತದೆ. ಗಾಮಾ ಸರವಿರುವ ಹೀಮೋಗ್ಲೋಬಿನ್ ಆ ಮಾರಕ ಎಳೆಯಲ್ಲಿ ಸೇರಿಕೊಳ್ಳುವುದಿಲ್ಲ. ಹೈಡ್ರಾಕ್ಸಿಯೂರಿಯ ಎಂಬ ಔಷಧಿ ಅದನ್ನು ಮತ್ತೆ ಹೆಚ್ಚಿಸುವುದರ ಮೂಲಕ ನೋವನ್ನು ತಗ್ಗಿಸುತ್ತದೆ. 2023ರಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಮನ್ನಣೆ ಪಡೆದ ಜೀನು ಚಿಕಿತ್ಸೆಯೊಂದು ಮಲಗಿದ್ದ ಆ ಸೋದರನನ್ನೇ ಎಬ್ಬಿಸುತ್ತದೆ. ಅದು ಅತ್ಯಂತ ದುಬಾರಿ, ಔಷಧಿಯಾದರೋ ಅಗ್ಗದ್ದು. ಅಗ್ಗದ ಔಷಧಿಯಾದರೂ ಹಾಡಿಯ ಮಗುವಿಗೆ ತಪ್ಪದೆ ತಲುಪುವಂತೆ ನೋಡಿಕೊಳ್ಳಬೇಕಾದದ್ದು ವಿಕಾಸವಲ್ಲ, ನಾವು.