ಮುಟ್ಟಿದರೆ ಬದಲಾಗುವ ವೋಲ್ಟೇಜು

9 ವೋಲ್ಟ್ ಬ್ಯಾಟರಿಗೆ ಒಂದೊಂದು ಮೆಗಾಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಜೋಡಿಸಿ. ಅವುಗಳ ನಡುವೆ 4.5 ವೋಲ್ಟ್ ಇರುತ್ತದೆ. 1 ಮೆಗಾಓಮ್ ಇನ್‌ಪುಟ್ಟಿನ ಆಸಿಲೋಸ್ಕೋಪನ್ನು ಅಲ್ಲಿ ನೇರವಾಗಿ ಹಚ್ಚಿದರೆ ಕಾಣುವುದು 3 ವೋಲ್ಟ್ ಮಾತ್ರ. ಉಪಕರಣ ಕೆಟ್ಟಿಲ್ಲ. ಅದು ತಾಗಿದ ಮೇಲೆ ಅಲ್ಲಿ ಉಳಿಯುವುದೇ ಅಷ್ಟು: ಕೆಳಗಿನ ರೆಸಿಸ್ಟರಿಗೆ ಸಮಾನಾಂತರವಾಗಿ ಇನ್ನೊಂದು ಮೆಗಾಓಮ್ ಸೇರಿ ಅದು ಅರ್ಧಕ್ಕಿಳಿದಿದೆ. ಒಟ್ಟು 10 ಮೆಗಾಓಮ್ ಆಗುವ ಪ್ರೋಬ್ ಹಾಕಿದರೆ ಸುಮಾರು 4.3 ವೋಲ್ಟ್ ಸಿಗುತ್ತದೆ.

ಮನೆಯಲ್ಲೇ ಆಸಿಲೋಸ್ಕೋಪ್ ಕಟ್ಟುವವರ ಶ್ರಮವೆಲ್ಲ ಸಾಮಾನ್ಯವಾಗಿ ಡಿಸ್‌ಪ್ಲೇಗೆ, ಪ್ರೋಗ್ರಾಮಿಗೆ ಹೋಗುತ್ತದೆ. ಮೊದಲ ಗಮನ ಇನ್‌ಪುಟ್ಟಿಗೇ ಸಲ್ಲಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಅಲ್ಲಿ ಕಳೆದುಹೋದ ವಿವರವನ್ನು ಯಾವ ಪ್ರೋಗ್ರಾಮೂ ಮರಳಿ ತರಲಾರದು.

ಆರ್ಡುಯಿನೋ ಯುನೋ ಬಳಸುತ್ತೀರಿ ಎನ್ನೋಣ. ಅದರ ಎಟಿಮೆಗಾ328ಪಿ ಚಿಪ್ ಅಳೆಯುವುದು 0ಯಿಂದ 5 ವೋಲ್ಟ್ ವರೆಗೆ, 1024 ಮೆಟ್ಟಿಲುಗಳಲ್ಲಿ. ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಸಿಗ್ನಲ್ ಕೊಡುವ ಕಡೆಯ ಇಂಪೀಡೆನ್ಸ್ 10 ಕಿಲೋಓಮ್ ಮೀರಬಾರದು. ಆದ್ದರಿಂದ ನಡುವೆ ಟಿಎಲ್072ರಂಥ ಜೆಫೆಟ್ ಇನ್‌ಪುಟ್ಟಿನ ಆಪ್‌ಆಂಪ್ ಬಫರ್ ಬೇಕೇ ಬೇಕು. ಅದು ಎಳೆದುಕೊಳ್ಳುವ ಕರೆಂಟು ಪಿಕೋಆಂಪಿಯರುಗಳ ಲೆಕ್ಕದ್ದು.

ಬಫರಿನ ಮುಂದೆ ರಕ್ಷಣೆಯ ಡಯೋಡುಗಳಿರಬೇಕು. ಅವೂ ಚೂರು ಸೋರುತ್ತವೆ: 25 ನ್ಯಾನೋಆಂಪಿಯರ್ ಸೋರಿಕೆ, ಮುಂದೆ ಹೇಳುವ ಅಟೆನ್ಯುಯೇಟರಿನ ಎರಡು ರೆಸಿಸ್ಟರುಗಳು ಸಮಾನಾಂತರವಾಗಿ ಸೇರಿ ಆಗುವ 90 ಕಿಲೋಓಮಿನಲ್ಲಿ ಎರಡು ಮಿಲಿವೋಲ್ಟಿಗೂ ಹೆಚ್ಚಿನ ತಪ್ಪು ತೋರಿಸುತ್ತದೆ. ಕಡಿಮೆ ಸೋರುವ ಡಯೋಡನ್ನೇ ಆರಿಸಿ. ಡಯೋಡ್ ಇದೆಯೆಂಬ ಧೈರ್ಯದಿಂದ ಕರೆಂಟಿನ ಪ್ಲಗ್ಗಿಗೆ ಮಾತ್ರ ಪ್ರೋಬ್ ಹಚ್ಚಬೇಡಿ. ಗ್ರೌಂಡ್ ತಂತಿ ಯುಎಸ್‌ಬಿ ಮೂಲಕ ನೇರ ಕಂಪ್ಯೂಟರಿಗೆ ಹೋಗಿರುತ್ತದೆ.

ಇನ್ನು ಹತ್ತನೇ ಒಂದಕ್ಕೆ ಇಳಿಸುವ ಅಟೆನ್ಯುಯೇಟರ್. ಮೇಲೆ 900 ಕಿಲೋಓಮ್ (470 ಮತ್ತು 430 ಸೇರಿಸಿದರೆ ಸರಿಯಾಗಿ ಬರುತ್ತದೆ), ಕೆಳಗೆ 100. ಡಿಸಿಗೆ ಇಷ್ಟು ಸಾಕು. ಆದರೆ ಬಫರಿನ ಕಾಲಲ್ಲಿ, ತಂತಿಗಳ ನಡುವೆ ಹದಿನೈದು ಪಿಕೋಫ್ಯಾರಡ್ ಅಡಗಿದ್ದರೂ ಸುಮಾರು 120 ಕಿಲೋಹರ್ಟ್ಸಿನ ಹೊತ್ತಿಗೆ ಸಿಗ್ನಲ್ ಕುಗ್ಗಿರುತ್ತದೆ. ಪರಿಹಾರ ಸೊಗಸಾಗಿದೆ. ಮೇಲಿನ ರೆಸಿಸ್ಟರಿಗೂ ಒಂದು ಕೆಪಾಸಿಟರ್ ಕೊಡಿ. ಎರಡೂ ಕಡೆ ರೆಸಿಸ್ಟರ್ ಗುಣಿಸು ಕೆಪಾಸಿಟರ್ ಒಂದೇ ಆಗಲಿ: ಕೆಳಗೂ ಒಂದನ್ನು ಸೇರಿಸಿ ಒಟ್ಟು 90 ಪಿಕೋಫ್ಯಾರಡ್ ಮಾಡಿದರೆ ಮೇಲೆ 10. ಆಗ ಎಲ್ಲ ಫ್ರೀಕ್ವೆನ್ಸಿಯೂ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ.

ಮೇಲಿನದಕ್ಕೆ ಟ್ರಿಮ್ಮರ್ ಹಾಕಿ, 1 ಕಿಲೋಹರ್ಟ್ಸ್ ಚೌಕ ಅಲೆ ಕೊಟ್ಟು ಬಫರಿನ ಔಟ್‌ಪುಟ್ಟನ್ನು ಇನ್ನೊಂದು ಒಳ್ಳೆಯ ಸ್ಕೋಪಿನಲ್ಲಿ ನೋಡುತ್ತಾ ತಿರುಗಿಸಿ. ಕಡಿಮೆಯಾದರೆ ಅಲೆಯ ಮೂಲೆ ದುಂಡಗಾಗುತ್ತದೆ, ಹೆಚ್ಚಾದರೆ ಮೊನಚಾಗಿ ಮೇಲೇಳುತ್ತದೆ. ಸ್ಕ್ರೂಡ್ರೈವರ್ ಪ್ಲಾಸ್ಟಿಕ್ಕಿನದಿರಲಿ, ಲೋಹದ್ದಾದರೆ ಅದರ ಕೆಪಾಸಿಟೆನ್ಸೂ ಸೇರಿ, ಕೈ ತೆಗೆದ ಕೂಡಲೇ ಹೊಂದಿಸಿದ್ದ ಮೂಲೆ ಮತ್ತೆ ಕೆಡುತ್ತದೆ.