ಬೀಳುವ ನೀರು ಹೆಪ್ಪುಗಟ್ಟುವ ಬಗೆ

ಹಿರೇಕೆರೂರು ಸೀಮೆಯ ಮಾಸೂರಿನ ಬಳಿ, ಎರಡು ಗುಡ್ಡಗಳ ನಡುವೆ ಕುಮುದ್ವತಿ ನದಿಯನ್ನು ತಡೆದು ಕಟ್ಟಿದ ಮದಗದ ಕೆರೆ ಇದೆ. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಹರಿದಾಗ ನೀರು ಬಂಡೆಗಳ ಮೇಲಿಂದ ಧುಮುಕುವುದನ್ನು ನೋಡಲು ಹಾನಗಲ್ಲು, ಶಿಗ್ಗಾಂವಿ, ಸವಣೂರುಗಳ ಕಡೆಯಿಂದಲೂ ಜನರು ಹೋಗುವುದುಂಟು. ಪುಷ್ಯಮಾಸದ ಹೊತ್ತಿಗೆ ಆ ಧಾರೆ ಬಡವಾಗುತ್ತದೆ. ಆದರೆ ಅದು ಹೆಪ್ಪುಗಟ್ಟಿತೆಂಬ ಮಾತನ್ನು ಯಾರೂ ಕೇಳಿರಲಾರರು. ಅದೇ ಮಾಸದಲ್ಲಿ ದೂರದ ಲಡಾಖಿನಲ್ಲಿ, ಝಂಸ್ಕಾರ್ ನದಿಯ ಕೊರಕಲಿನೊಳಗೆ, ನೇರಕ್ ಎಂಬ ಜಲಪಾತವು ಮಂಜುಗಡ್ಡೆಯ ಕಂಬವಾಗಿ ನಿಂತಿರುತ್ತದೆ. ಹೆಪ್ಪುಗಟ್ಟಿದ ನದಿಯನ್ನೇ ದಾರಿಯಾಗಿ ಮಾಡಿಕೊಂಡು ಅಲ್ಲಿಗೆ ನಡೆದುಹೋಗುವವರಲ್ಲಿ ಈಗ ನಮ್ಮ ನಾಡಿನ ತರುಣರೂ ಇದ್ದಾರೆ. ಆದುದರಿಂದ ಈ ವಿಷಯವು ಕೇವಲ ಕುತೂಹಲದ್ದಲ್ಲ.

ನಿಂತ ನೀರು ಹೆಪ್ಪುಗಟ್ಟುವುದು ಸರಿ, ಎಡೆಬಿಡದೆ ಬೀಳುವ ನೀರು ಹೇಗೆ ಹೆಪ್ಪುಗಟ್ಟೀತು? ಮೊದಲು ಶಾಖದ ಲೆಕ್ಕವನ್ನು ನೋಡೋಣ. ಒಂದು ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾಗಬೇಕಾದರೆ ಒಂದು ಕ್ಯಾಲೊರಿ ಶಾಖವನ್ನು ಬಿಟ್ಟುಕೊಡಬೇಕು. ೨೦ ಡಿಗ್ರಿಯ ನೀರು ಸೊನ್ನೆಗೆ ಇಳಿಯಲು ೨೦ ಕ್ಯಾಲೊರಿ ಸಾಕು. ಆದರೆ ಸೊನ್ನೆಗೆ ಬಂದ ಮಾತ್ರಕ್ಕೆ ನೀರು ಗಡ್ಡೆಯಾಗುವುದಿಲ್ಲ. ಅದೇ ಒಂದು ಗ್ರಾಂ ನೀರು ಇನ್ನೂ ೮೦ ಕ್ಯಾಲೊರಿಗಳನ್ನು ಕಳೆದುಕೊಳ್ಳಬೇಕು. ಉಷ್ಣಮಾಪಕಕ್ಕೆ ಕಾಣಿಸದೆ ಹೊರಬೀಳುವ ಈ ಶಾಖಕ್ಕೆ ಗುಪ್ತೋಷ್ಣವೆಂದು ಹೆಸರು. ಇದನ್ನು ಹೀರಿಕೊಳ್ಳಲು ಸುತ್ತಣ ಗಾಳಿ ಸೊನ್ನೆಗಿಂತ ಬಹಳ ಕೆಳಗೆ, ಬಹಳ ದಿನ ಇರಬೇಕು. ಝಂಸ್ಕಾರಿನ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ ೨೫ ಡಿಗ್ರಿ ಕೆಳಗೆ ಇಳಿಯುವುದುಂಟು. ನಮ್ಮ ಕಡೆ ಕಂಬಳಿ ಹೊದ್ದು ನಡುಗುವ ಬೆಳಗಿನ ಜಾವದಲ್ಲಿಯೂ ಗಾಳಿ ಸೊನ್ನೆಯ ಹತ್ತಿರ ಸುಳಿಯುವುದಿಲ್ಲ.

ಬೀಳುವುದರಿಂದಲೇ ನೀರು ಬಿಸಿಯಾಗುವುದಿಲ್ಲವೆ ಎಂದು ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ೧೮೪೭ರಲ್ಲಿ, ಮದುವೆಯಾದ ಹೊಸದರಲ್ಲಿ ಆಲ್ಪ್ಸ್ ಪರ್ವತಗಳಿಗೆ ಹೋಗಿದ್ದ ಜೂಲ್, ಜಲಪಾತದ ನೀರಿನ ಉಷ್ಣತೆಯನ್ನು ಅಳೆಯಲು ಉಷ್ಣಮಾಪಕ ಹಿಡಿದು ಹೊರಟಿದ್ದನೆಂದು ವಿಲಿಯಂ ಥಾಮ್ಸನ್ ಮುಂದೆ ಬರೆದಿದ್ದಾನೆ. (ನವವಧುವಿನ ಅಭಿಪ್ರಾಯವೇನಿತ್ತೋ!) ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು ೪೨೭ ಮೀಟರ್ ಎತ್ತರದಿಂದ ಬೀಳಬೇಕು. ೨೫೩ ಮೀಟರ್ ಎತ್ತರದ ನಮ್ಮ ಜೋಗದಲ್ಲಿಯೂ ಈ ಏರಿಕೆ ೦.೬ ಡಿಗ್ರಿಯಷ್ಟೇ. ಹಿಮಾಲಯದ ಚಳಿಗೆ ಇದು ಲೆಕ್ಕಕ್ಕಿಲ್ಲ.

ಇನ್ನು ಹೆಪ್ಪುಗಟ್ಟುವ ಬಗೆ. ಕೆರೆಯ ನೀರು ೪ ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿ ತಳಕ್ಕಿಳಿಯುತ್ತದೆ. ಅದಕ್ಕಿಂತ ತಣ್ಣಗಿನ ನೀರು ಮೇಲೆ ಉಳಿದು, ಅಲ್ಲಿಯೇ ಗಡ್ಡೆಯ ಮುಚ್ಚಳ ಕಟ್ಟುತ್ತದೆ. ತೊರೆಯಲ್ಲಿ ಹಾಗಲ್ಲ. ಅಲ್ಲಿ ನೀರು ಸದಾ ಕದಡುತ್ತಿರುವುದರಿಂದ ಇಡೀ ನೀರು ಒಟ್ಟಿಗೆ ಸೊನ್ನೆಗೆ ಇಳಿದು, ಡಿಗ್ರಿಯ ನೂರರಲ್ಲಿ ಕೆಲವು ಪಾಲಿನಷ್ಟು ಇನ್ನೂ ಕೆಳಗೆ ಹೋಗುತ್ತದೆ. ಆಗ ನೀರಿನ ತುಂಬ ಅಕ್ಕಿಯ ನುಚ್ಚಿನಂತಹ ಹರಳುಗಳು ಹುಟ್ಟಿ, ಕಲ್ಲುಗಳಿಗೆ ಮೆತ್ತಿಕೊಳ್ಳುತ್ತವೆ. ಧಾರೆಯು ಬೀಳುತ್ತ ಹನಿಹನಿಯಾಗಿ ಒಡೆದಾಗ ಗಾಳಿಗೆ ತಾಗುವ ಮೈ ಹಲವು ಪಟ್ಟು ಹೆಚ್ಚುತ್ತದೆ. ಸ್ವಲ್ಪ ನೀರು ಆವಿಯಾಗಿ ಉಳಿದುದರ ಶಾಖವನ್ನೂ ಒಯ್ಯುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಇದೇ ರೀತಿಯಿಂದ. ಹೀಗೆ ತಣಿದ ಹನಿಗಳು ಬಂಡೆಗೆ ಬಡಿದು ಪದರ ಪದರವಾಗಿ ಅಂಟುತ್ತವೆ. ಮೇಲಿಂದ ಬಿಳಲುಗಳು ಇಳಿಯುತ್ತವೆ, ಕೆಳಗಿನಿಂದ ದಿಬ್ಬಗಳು ಏಳುತ್ತವೆ. ಎರಡೂ ಕೂಡಿ ಪರದೆಯಾಗುತ್ತದೆ. ಹೀಗೆ, ಅಡ್ಡಿಯೆಂದು ತೋರಿದ ಬೀಳುವಿಕೆಯೇ ಇಲ್ಲಿ ನೆರವಾಗುತ್ತದೆ.

ಅಪಾಯ ಅಡಗಿರುವುದೂ ಇಲ್ಲಿಯೇ. ಗಡ್ಡೆಯು ಹೊರಗಿನಿಂದ ಕಟ್ಟುತ್ತ ಬಂದಿರುವುದರಿಂದ ಪರದೆಯ ಹಿಂದೆ ನೀರು ಇನ್ನೂ ಹರಿಯುತ್ತಿರಬಹುದು. ನೋಡಲು ಕಲ್ಲುಕಂಬದಂತಿದ್ದರೂ ಒಳಗೆ ಪೊಳ್ಳು. ಬಿಸಿಲೇರಿದಾಗ ಬಿಳಲುಗಳು ಕಳಚಿ ಬೀಳುತ್ತವೆ. ಜಲಪಾತದ ಬುಡದಲ್ಲಿ ಹರಿವು ನಿಲ್ಲದ ಕಡೆ ನೆಲದ ಗಡ್ಡೆ ತೆಳ್ಳಗೆ. ಝಂಸ್ಕಾರಿನ ದಾರಿಬಲ್ಲವರು ಕೋಲಿನಿಂದ ಗಡ್ಡೆಯನ್ನು ಬಡಿದು, ಸದ್ದನ್ನು ಆಲಿಸಿ ಹೆಜ್ಜೆಯಿಡುತ್ತಾರೆ. ಮಡಕೆ ಕೊಳ್ಳುವಾಗ ನಮ್ಮ ತಾಯಂದಿರು ಮಾಡುವ ಪರೀಕ್ಷೆಯೂ ಇದೇ ಜಾತಿಯದು. ಹೊಸಬರು ಅವರ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ನಡೆಯಬೇಕು.

ಕಾಲು ಜಾರಿ ನೀರಿಗೆ ಬಿದ್ದರೆ? ನೀರು ಗಾಳಿಗಿಂತ ಸುಮಾರು ೨೫ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹತ್ತಿಬಟ್ಟೆ ನೆನೆದೊಡನೆ ಎಳೆಗಳ ನಡುವಣ ಗಾಳಿಯನ್ನು ಕಳೆದುಕೊಂಡು ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆಯ ಸುರುಳಿ ಎಳೆಗಳು ನೆನೆದರೂ ಒಂದಿಷ್ಟು ಗಾಳಿಯನ್ನು ಹಿಡಿದಿಡುತ್ತವೆ. ಸೋನೆಮಳೆಯಲ್ಲಿ ಕುರಿ ಕಾಯುವ ನಮ್ಮ ಕುರುಬರು ಕಂಬಳಿಯ ಕೊಪ್ಪೆಯನ್ನು ಬಿಡದಿರುವುದಕ್ಕೆ ಕಾರಣವೂ ಇದೇ. ಹಿಮದ ದಾರಿಗೆ ಹೊರಡುವವರು ಮೈಗೆ ತಾಗುವ ಬಟ್ಟೆಯನ್ನು ಹತ್ತಿಯದಾಗಿ ಆರಿಸಬಾರದು. ನೀರು ಒಳಹೋಗದ ಚೀಲದಲ್ಲಿ ಒಂದು ಜೊತೆ ಒಣಬಟ್ಟೆಯನ್ನು, ಕಾಲುಚೀಲ ಸಹಿತ, ಬೇರೆಯಾಗಿಯೇ ಕಟ್ಟಿಕೊಂಡಿರಬೇಕು.