ಡೊಂಬಿವಲಿಯಿಂದ ಕಛ್‌ಗೆ ಹೊರಟ ಕಾರಿನಲ್ಲಿ ಏನಿರಬೇಕು?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಮನೆಗಳಿಗೆ ದೂರದ ಕಾರು ಪ್ರಯಾಣ ಹೊಸದಲ್ಲ. ಮೇ ತಿಂಗಳು ಬಂತೆಂದರೆ ಉಡುಪಿ, ಕುಂದಾಪುರದ ಕಡೆಗೋ ವಿಜಯಪುರ, ಕಲಬುರಗಿಯ ಕಡೆಗೋ ಹೊರಡುವವರು ನಾವು. ಆ ದಾರಿಗೆ ಚೀಲ ಕಟ್ಟುವುದು ಕೈಗೆ ಅಭ್ಯಾಸವಾಗಿದೆ. ಕ್ರಿಸ್‌ಮಸ್ ರಜೆಯಲ್ಲಿ ಉತ್ತರಕ್ಕೆ ತಿರುಗಿ, ಸೂರತ್, ವಡೋದರಾ, ಅಹಮದಾಬಾದ್ ದಾಟಿ, ಕಛ್‌ನ ಬಿಳಿ ರಣ ನೋಡಿ, ಧಿನೋಧರ್ ಬೆಟ್ಟ ಹತ್ತಿ, ಧೋಲಾವೀರಾ ಸುತ್ತಿ ಬರೋಣವೆಂದರೆ ಅದೇ ಚೀಲ ಸಾಲದು. ಬಿಸಿಲಿಗಿಂತ ಹೆಚ್ಚಾಗಿ ಅಲ್ಲಿನ ಒಣಗಾಳಿ ಇದಕ್ಕೆ ಕಾರಣ.

ಕಡಲ ಮಗ್ಗುಲಲ್ಲಿ ಬದುಕುವ ನಮ್ಮ ಮೈಗೆ ಗೊತ್ತಿರುವುದು ಒಂದೇ ಗುರುತು: ಅಂಗಿ ಬೆನ್ನಿಗೆ ಅಂಟಿತೆಂದರೆ ನೀರು ಕುಡಿಯಬೇಕು. ಠಾಣೆ ಖಾಡಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖ ಮೈಯಿಂದ ಹೊರಹೋಗುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ತಂಪು ಸಿಗುವುದಿಲ್ಲ. 2023ರ ಏಪ್ರಿಲ್ 16ರಂದು ಖಾರ್ಘರ್‌ನ ಬಯಲಿನಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭದಲ್ಲಿ ಬಿಸಿಲ ಹೊಡೆತಕ್ಕೆ ಹತ್ತಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡದ್ದನ್ನು ಇಲ್ಲಿನವರು ಮರೆತಿಲ್ಲ. ರಣದಲ್ಲಿ ಅಪಾಯ ಬೇರೆ ಬಗೆಯಲ್ಲಿ ಬರುತ್ತದೆ. ಬೆವರು ಬಂದ ಕ್ಷಣವೇ ಆರಿಹೋಗುತ್ತದೆ, ಅಂಗಿ ಒಣಗಿಯೇ ಇರುತ್ತದೆ, ಡಿಸೆಂಬರಿನ ಹಗಲು ಹಿತವೆನಿಸುತ್ತದೆ. ಮೈಯಿಂದ ನೀರು ಹೋಗುತ್ತಿರುವುದು ತಿಳಿಯುವುದೇ ಇಲ್ಲ. ಅಂಗಿಯ ಮೇಲೆ ಮೂಡುವ ಬಿಳಿ ಉಪ್ಪಿನ ಗೆರೆ, ಗಾಢ ಹಳದಿ ಮೂತ್ರ, ತಲೆನೋವು: ಅಲ್ಲಿ ನೋಡಬೇಕಾದ ಗುರುತುಗಳು ಇವು. ಬಾಯಾರಿಕೆಯನ್ನು ಕಾಯದೆ ಗಂಟೆ ನೋಡಿಕೊಂಡು ಕುಡಿಯಬೇಕು.

ಆದ್ದರಿಂದ ಕಾರಿನೊಳಗೆ ಮೊದಲು ಜಾಗ ಸಿಗಬೇಕಾದದ್ದು ನೀರಿಗೆ. ಬಿಸಿಲಲ್ಲಿ ನಡೆಯುವ ವಯಸ್ಕರು ಗಂಟೆಗೆ ಅರ್ಧದಿಂದ ಒಂದು ಲೀಟರ್‌ವರೆಗೆ ಬೆವರಬಹುದು. ಚಾರಣದ ದಿನಕ್ಕೆ ತಲೆಗೆ ಕನಿಷ್ಠ 4 ಲೀಟರ್ ಕುಡಿಯುವ ನೀರು, ಅದರ ಮೇಲೆ ಇಡೀ ಕಾರಿಗೆ 5 ಲೀಟರ್ ಹೆಚ್ಚುವರಿ ಎಂದು ಲೆಕ್ಕ ಹಾಕಿ. 20 ಲೀಟರಿನ ಒಂದೇ ಜಾರ್ ಬೇಡ. ಅದು ಉರುಳಿ ಮುಚ್ಚಳ ಬಿಚ್ಚಿದರೆ ಎಲ್ಲವೂ ಹೋಯಿತು. 5 ಲೀಟರಿನ ನಾಲ್ಕೈದು ಕ್ಯಾನುಗಳೇ ಮೇಲು. ಬೆಟ್ಟ ಹತ್ತುವಾಗ ಪ್ರತಿಯೊಬ್ಬರ ಬೆನ್ನಚೀಲದಲ್ಲೂ 2ರಿಂದ 3 ಲೀಟರ್ ಇರಲಿ. ಎಲ್ಲರ ನೀರನ್ನೂ ಒಬ್ಬರ ಮೇಲೆ ಹೇರಿದರೆ, ಆ ಒಬ್ಬರು ಮುಂದೆ ಹೋದಾಗ ಹಿಂದುಳಿದ ಅಜ್ಜಿಗೂ ಮಗುವಿಗೂ ಏನೂ ಇರುವುದಿಲ್ಲ.

ನೀರಿನ ಜೊತೆಗೆ ಉಪ್ಪು. ಔಷಧಿ ಅಂಗಡಿಯಿಂದ ಓಆರ್‌ಎಸ್ ಪುಡಿಯ ಹತ್ತು ಪೊಟ್ಟಣ ಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ಇದರ ಜಾಗ ತುಂಬುವುದಿಲ್ಲ. ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಛ್‌ನ ಹೋಟೆಲುಗಳಲ್ಲಿ ಊಟಕ್ಕೆ ಛಾಸ್ ಕೊಡುತ್ತಾರೆ, ನಮ್ಮ ಮಜ್ಜಿಗೆಯೇ. ಬೇಡವೆನ್ನದೆ ಕುಡಿಯಿರಿ.

ತಿಂಡಿಯ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ, ಹುರಿಗಡಲೆ, ಬೇಸನ್ ಉಂಡೆ ವಾರದವರೆಗೂ ಕೆಡುವುದಿಲ್ಲ. ಆದರೆ ಇವೆಲ್ಲ ಒಣ ತಿಂಡಿಗಳು, ತಿಂದಷ್ಟೂ ನೀರು ಕೇಳುತ್ತವೆ. ಬೆಟ್ಟದ ಚೀಲಕ್ಕೆ ಇವುಗಳ ಜೊತೆ ಸೌತೆಕಾಯಿ, ಕಿತ್ತಳೆ ಹಾಕಿಕೊಳ್ಳಿ. ಹಣ್ಣನ್ನು ಮನೆಯಲ್ಲೇ ಹೆಚ್ಚಿ ಒಯ್ಯಬೇಡಿ.

ಬಟ್ಟೆಯ ವಿಷಯದಲ್ಲಿ ಸಹ್ಯಾದ್ರಿಯ ಮಳೆಯಲ್ಲಿ ಪಳಗಿದ ನಮ್ಮ ಚಾರಣಿಗರ ಅಭ್ಯಾಸ ಬದಲಾಗಬೇಕು. ಇಲ್ಲಿ ನೆನೆದ ಹತ್ತಿ ಆರುವುದಿಲ್ಲವೆಂದು ಅದನ್ನು ದೂರವಿಡುತ್ತೇವೆ. ರಣದ ಹಗಲಿಗೆ ಸಡಿಲವಾದ, ತುಂಬುತೋಳಿನ, ತೆಳು ಹತ್ತಿಯ ಅಂಗಿಯೇ ಒಳ್ಳೆಯದು: ನಿಧಾನವಾಗಿ ಆರುತ್ತಾ ಮೈ ತಂಪಿಡುತ್ತದೆ. ಒಂದು ಬೈರಾಸು ಪ್ರತಿಯೊಬ್ಬರಿಗೂ ಇರಲಿ. ನೆನೆಸಿ ಕುತ್ತಿಗೆಗೆ ಸುತ್ತಿಕೊಳ್ಳಬಹುದು, ಧೂಳೆದ್ದರೆ ಮೂಗು ಮುಚ್ಚಬಹುದು. ಸಂಜೆಯಾಗುತ್ತಿದ್ದಂತೆ ಹತ್ತಿ ಕಳಚಿ ಉಣ್ಣೆ ಹಾಕಿಕೊಳ್ಳಬೇಕು. ಒಣಗಾಳಿ ಶಾಖವನ್ನು ಹಿಡಿದಿಡುವುದಿಲ್ಲವಾದ್ದರಿಂದ ರಾತ್ರಿ ನೆಲ ಬೇಗ ತಣಿಯುತ್ತದೆ. ಚಳಿಗಾಲದಲ್ಲಿ ಗುಜರಾತಿನ ಅತಿ ಕಡಿಮೆ ತಾಪಮಾನ ಬಹಳ ಸಲ ದಾಖಲಾಗುವುದು ಕಛ್‌ನ ನಲಿಯಾದಲ್ಲಿ, 10 ಡಿಗ್ರಿಗಿಂತ ಕೆಳಗೆ. ಠಾಣೆಯ ಚಳಿಯ ಅಂದಾಜಿನಲ್ಲಿ ಒಂದು ಶಾಲು ಹಿಡಿದು ಹೊರಟರೆ ರಾತ್ರಿಯಿಡೀ ನಡುಗಬೇಕಾಗುತ್ತದೆ. ಸ್ವೆಟರ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ ಮೂರೂ ಬೇಕು. ತುಟಿ, ಮೂಗಿನ ಹೊಳ್ಳೆ ಒಡೆಯುವುದರಿಂದ ವ್ಯಾಸಲೀನ್ ಜೇಬಿನಲ್ಲಿರಲಿ. ತೆಂಗಿನೆಣ್ಣೆ ಅಲ್ಲಿನ ಬೆಳಗಿನಲ್ಲಿ ಗಟ್ಟಿಯಾಗಿ ಬಾಟಲಿಯಿಂದ ಇಳಿಯುವುದೇ ಇಲ್ಲ.

ಬಿಳಿ ಉಪ್ಪು ಬಿಸಿಲನ್ನು ಕೆಳಗಿನಿಂದಲೂ ಮುಖಕ್ಕೆ ಎರಚುತ್ತದೆ. ಅಗಲ ಅಂಚಿನ ಟೋಪಿಯಿದ್ದರೂ ಗದ್ದದ ಕೆಳಗೆ, ಮೂಗಿನಡಿಯಲ್ಲಿ ಚರ್ಮ ಸುಡುತ್ತದೆ. ಅಲ್ಲಿಗೂ ಸನ್‌ಸ್ಕ್ರೀನ್ ಹಚ್ಚಿ. ಮಕ್ಕಳಿಗೂ ತಂಪು ಕನ್ನಡಕ ಬೇಕು. ಉಪ್ಪಿನ ಪದರದ ಕೆಳಗೆ ಹಲವೆಡೆ ಹಸಿ ಕೆಸರಿರುವುದರಿಂದ ರಸ್ತೆ ಬಿಟ್ಟು ಕಾರು ಇಳಿಸುವ ಸಾಹಸ ಖಂಡಿತ ಬೇಡ.

ನೆಲದ ಇನ್ನೊಂದು ತೊಂದರೆ ಮುಳ್ಳು. ಬನ್ನಿ ಹುಲ್ಲುಗಾವಲನ್ನು ಆವರಿಸಿರುವ ‘ಗಾಂಡೊ ಬಾವಳ’ ನಮ್ಮ ಬಳ್ಳಾರಿ ಜಾಲಿಯೇ. ಚಪ್ಪಲಿಯನ್ನೂ ಟೈರನ್ನೂ ಚುಚ್ಚುತ್ತದೆ. ಬೆಟ್ಟಕ್ಕೆ ದಪ್ಪ ಅಟ್ಟೆಯ ಶೂ ಹಾಕಿಕೊಳ್ಳಿ. ಇಲ್ಲಿನ ಕೋಟೆಗಳನ್ನು ಹತ್ತುವವರು ಇಷ್ಟಪಡುವ ಆಕ್ಷನ್ ಶೂ ಸಾಕು. ಮುಳ್ಳು ಕೀಳಲು ಚಿಮಟ ಮತ್ತು ಟಿಂಚರ್ ಜೊತೆಗಿರಲಿ. ಒಣನೆಲದಲ್ಲಿ ಗರಗಸ ಮಂಡಲದ ಹಾವು ಇರುವುದರಿಂದ ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೆಜ್ಜೆಯಿಡಬೇಡಿ. ಬೆಳಿಗ್ಗೆ ಶೂ ಕೊಡವಿಯೇ ಹಾಕಿಕೊಳ್ಳಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು 108ಕ್ಕೆ ಫೋನ್ ಮಾಡಿ.

ಧಿನೋಧರ್‌ನ ಎತ್ತರ ಸುಮಾರು 380 ಮೀಟರ್. ಕಛ್‌ನಲ್ಲೇ ಎತ್ತರವಾದ ಕಾಲೊ ಡುಂಗರ್ 462 ಮೀಟರ್, ಅಲ್ಲಿಗೆ ಕಾರಿನ ರಸ್ತೆಯಿದೆ. ಮಲಂಗಗಡವನ್ನು ಹತ್ತಿದವರಿಗೆ ಧಿನೋಧರ್ ಕಷ್ಟವಲ್ಲ, ಆದರೆ ನೆರಳು ತೀರಾ ಕಡಿಮೆ. ಹೊರಡುವ ಮೊದಲು ಒಂದು ಭಾನುವಾರ ಅದೇ ಚೀಲ, ಅದೇ ಶೂ, ಪೂರ್ತಿ ನೀರಿನ ಭಾರದೊಂದಿಗೆ ಖಾರ್ಘರ್ ಬೆಟ್ಟವನ್ನೋ ಯೇವೂರನ್ನೋ ನಡೆದು ನೋಡಿ. ಹೋಗುವ ಮುಂಚೆ ಮತ್ತು ಬಂದ ಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೊ ಇಳಿದಿದ್ದರೆ ಕುಡಿದದ್ದಕ್ಕಿಂತ ಒಂದು ಲೀಟರ್ ಹೆಚ್ಚು ಕಳೆದುಕೊಂಡಿದ್ದೀರಿ ಎಂದರ್ಥ.

ಇನ್ನು ಕಾರು. ನಮ್ಮ ಕಡೆಯ ಎಷ್ಟೋ ಕಾರುಗಳು ಸಿಎನ್‌ಜಿಯವು, ಡಿಕ್ಕಿಯ ಅರ್ಧವನ್ನು ಸಿಲಿಂಡರೇ ನುಂಗಿರುತ್ತದೆ. ಐದು ಜನ, ನೀರು, ಉಣ್ಣೆ ಬಟ್ಟೆ ಅದರಲ್ಲಿ ಹಿಡಿಯುವುದಿಲ್ಲ; ನಾಲ್ಕೇ ಜನ ಹೋಗಿ. ಭುಜ್ ಬಿಡುವಾಗ ಪೆಟ್ರೋಲ್ ಟ್ಯಾಂಕನ್ನೂ ತುಂಬಿಸಿ. ಖಾವಡಾದಿಂದ ರಣದ ನಡುವೆ ಧೋಲಾವೀರಾಕ್ಕೆ ಹೋಗುವ ರಸ್ತೆಯಲ್ಲಿ ಬಂಕ್ ಸಿಕ್ಕೀತೆಂದು ನಂಬಬೇಡಿ. ಸ್ಟೆಪ್ನಿ ಮತ್ತು ಜ್ಯಾಕ್ ಸಾಮಾನಿನ ಅಡಿಯಲ್ಲಿ ಹೂತುಹೋಗದಿರಲಿ. ಗಾಳಿ ತುಂಬುವ ಚಿಕ್ಕ ಪಂಪ್, ಪಂಕ್ಚರ್ ಕಿಟ್, ಜಂಪರ್ ಕೇಬಲ್, ಕೂಲಂಟ್ ಬೇಕೇ ಬೇಕು. ಟೈರಿನ ಒತ್ತಡವನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಿ, ಓಡಿ ಬಿಸಿಯಾದಾಗ ಏರಿದೆಯೆಂದು ಗಾಳಿ ಬಿಡಬೇಡಿ. ಇನ್ಸುಲಿನ್ ಮತ್ತು ಪವರ್ ಬ್ಯಾಂಕ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಉಳಿಯಬಾರದು.

ಅಮೆರಿಕದವರು ಬರೆದ ಮರುಭೂಮಿ ಪಟ್ಟಿಗಳಲ್ಲಿ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಸಂದೇಶ ಸಾಧನ ತಪ್ಪದೆ ಇರುತ್ತವೆ. ಅದನ್ನು ಇಲ್ಲಿ ಪಾಲಿಸಬೇಡಿ. ಭಾರತದಲ್ಲಿ ಅನುಮತಿಯಿಲ್ಲದೆ ಅವನ್ನು ಬಳಸುವುದು ಅಪರಾಧ, ಮೇಲಾಗಿ ಇದು ಪಾಕಿಸ್ತಾನದ ಗಡಿ. ಡ್ರೋನ್ ಕೂಡ ಮನೆಯಲ್ಲೇ ಇರಲಿ. ನಕ್ಷೆಯನ್ನು ಮೊಬೈಲಿಗೆ ಮೊದಲೇ ಇಳಿಸಿಕೊಳ್ಳಿ, ದಿನದ ದಾರಿಯನ್ನು ಮನೆಯವರಿಗೆ ಹೇಳಿ ಹೊರಡಿ. ಧೋರ್ಡೊದ ಬಿಳಿ ರಣಕ್ಕೆ ಪರವಾನಗಿ ಬೇಕು. ಎಲ್ಲರ ಗುರುತಿನ ಚೀಟಿಯ ಮೂಲ ಮತ್ತು ಜೆರಾಕ್ಸ್ ಒಂದೇ ಲಕೋಟೆಯಲ್ಲಿಡಿ. ಗುಜರಾತಿನಲ್ಲಿ ಪಾನನಿಷೇಧವಿದೆ, ಕಾರಿನಲ್ಲಿ ಒಂದು ಬಾಟಲಿಯೂ ಇರಬಾರದು.

ಹೋಗುವುದಿದ್ದರೆ ಡಿಸೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಮಳೆಗಾಲದಲ್ಲಿ ರಣ ನೀರಿನಡಿ ಇರುತ್ತದೆ. ಏಪ್ರಿಲ್, ಮೇಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಆಗ ಎಷ್ಟು ನೀರು ಹೊತ್ತರೂ ಮಕ್ಕಳು, ವೃದ್ಧರೊಂದಿಗೆ ಆ ಬೆಟ್ಟ ಹತ್ತಬಾರದು.